ಕೊನೆಯ ಪುಟ ಮೊದಲು

ಅಕ್ಟೋಬರ್ 18

ಪ್ರೀತಿಯ ತಮ್ಮಾ,

ಈ ಕಾಗದದ ಜೊತೆ ವ್ಯಾನ್ ಓಡಿಸುವ ನಮ್ಮ ಗೊಣಗಪ್ಪ ಒಂದು ರಟ್ಟಿನ ಪೆಟ್ಟಿಗೆ ಇಳಿಸುತ್ತಾನೆ. ಬಾಯಲ್ಲಿ ನೀರೂರಿಸಿಕೊಳ್ಳಬೇಡ, ತಿನ್ನುವಂಥದ್ದೇನೂ ಇಲ್ಲ. ಒಳಗಿರುವುದು ಆರು ಹೊಸ ಪುಸ್ತಕ. ಮೊನ್ನೆ ತಾನೇ ಲೈಬ್ರರಿಗೆ ಬಂದವು, ಇನ್ನೂ ಅಂಟಿನ ವಾಸನೆ ಹೋಗಿಲ್ಲ.

ಇಲ್ಲಿ ಬೀದಿಯ ಮರಗಳೆಲ್ಲ ಬೋಳಾಗಿವೆ. ಸಂಜೆ ಆಗುವುದರೊಳಗೆ ಕತ್ತಲು. ಜನ ಪೆಟ್ಟಿಗೆಯಿಂದ ಸ್ವೆಟರ್ ತೆಗೆದಿದ್ದಾರೆ, ಓದುವ ಕೋಣೆ ತುಂಬಾ ನುಸಿಗುಳಿಗೆ ವಾಸನೆ. ಅಂದರೆ ನನ್ನ ಕಂಬಳಿ ಮೇಜು ಹಾಕುವ ಕಾಲ ಬಂತು. ಹೀಟರ್ ಪಕ್ಕಕ್ಕೆ ಆ ಉದ್ದ ಮೇಜು ಎಳೆದು, ಹೊಸ ಪುಸ್ತಕಗಳನ್ನು ಜೋಡಿಸಿ, 'ಮನೆಗೆ ಒಯ್ಯಿರಿ, ಕಂಬಳಿ ಹೊದ್ದು ಓದಿ' ಅಂತ ಬೋರ್ಡ್ ಇಡುತ್ತೇನಲ್ಲ, ಅದೇ. ನನ್ನ ನೇಮ ನಿನಗೆ ಗೊತ್ತು. ನಾನು ಓದದೇ ಇರುವ ಪುಸ್ತಕ ಆ ಮೇಜು ಹತ್ತಬಾರದು, ಯಾರಿಗೆ ಯಾವುದು ಅಂತ ನಾನೇ ಕೈಗೆ ಎತ್ತಿಕೊಡಬೇಕು.

ಈ ವರ್ಷ ನನಗೆ ಕೈ ತುಂಬಾ ಕೆಲಸ. ಅದಕ್ಕೇ ಇವನ್ನು ನೀನು ಓದಿಕೊಡಬೇಕು. ಅಲ್ಲಿ ಬೆಟ್ಟದ ಮೇಲೆ ನಿನಗೇನು ರಾಜ್ಯಭಾರವೇ? ಪಂಪು ತಾನೇ ಓಡುತ್ತೆ, ನೀರು ತಾನೇ ಊರಿಗೆ ಇಳಿಯುತ್ತೆ, ನೀನು ಕುರ್ಚಿಯಲ್ಲಿ ಕೂತು ಮೀಟರಿನ ಮುಳ್ಳು ನೋಡುತ್ತೀಯ. ಓದಿ, ಒಂದೊಂದಕ್ಕೂ ಒಂದು ಚೀಟಿ ಬರೆದು ಒಳಗೆ ಇಡು. ಕಥೆ ಏನು, ಅಳಿಸುತ್ತೋ ನಗಿಸುತ್ತೋ, ಯಾರಿಗೆ ಕೊಡಬಹುದು, ಅಷ್ಟು ಸಾಕು. ಕಪ್ಪು ಶಾಯಿಯಲ್ಲಿ ದಪ್ಪಗೆ ಬರಿ.

ಇನ್ನೊಂದು. ಮೊದಲು ಕೊನೆ ಪುಟ ತೆಗೆದು ನೋಡಬೇಡ. ನಿನ್ನ ಹಳೇ ಚಾಳಿ ನನಗೆ ಗೊತ್ತು.

ನಿನ್ನ ಅಕ್ಕ


ಅಕ್ಟೋಬರ್ 25

ಅಕ್ಕಾ,

ನಿನ್ನ ಕಾಗದ ಬಂತು. ಕಾಗದ ಅನ್ನಲೋ, ಗೋಡೆ ಬರಹ ಅನ್ನಲೋ? ಒಂದು ಹಾಳೆಗೆ ಆರೇ ಸಾಲು! ನಾನೇನು ಕೆರೆಯ ಆಚೆ ದಡದಲ್ಲಿ ನಿಂತು ಓದಬೇಕಾ? ಮೊದಲೆಲ್ಲ ನಿನ್ನ ಅಕ್ಷರ ಇರುವೆ ಸಾಲಿನ ಹಾಗೆ ಇರುತ್ತಿತ್ತು. ಲೈಬ್ರರಿಯಲ್ಲಿ ಹಾಳೆ ಜಾಸ್ತಿ ಆಗಿದ್ದರೆ ನನಗೂ ಒಂದು ಕಟ್ಟು ಕಳಿಸು.

ನೀನು ಹೇಳಿದ ಮೇಲೆ ಮೀರುವುದುಂಟಾ? ಆರೂ ಓದಿ ಮುಗಿಸಿದೆ. ಕಣ್ಣು ಕೆಂಪಾಗಿ ಹೋಗಿದೆ, ಅದು ಬೇರೆ ವಿಷಯ. ಚೀಟಿ ಒಳಗಿವೆ, ಆದರೂ ಇಲ್ಲೂ ಹೇಳಿಬಿಡುತ್ತೇನೆ.

ದೋಣಿಯ ಚಿತ್ರದ ನೀಲಿ ಪುಸ್ತಕ: ಒಂದು ಸಂಸಾರ ರಜಕ್ಕೆ ದೋಣಿ ತೆಗೆದುಕೊಂಡು ಹೋಗುತ್ತೆ. ಬರೀ ಗಲಾಟೆ, ತಮಾಷೆ. ಕೊನೆಗೆ ಎಲ್ಲರೂ ಮರಳಿನ ಮೇಲೆ ಕೂತು ನಗುತ್ತಾರೆ. ಮನಸ್ಸು ಭಾರವಾಗಿರುವವರಿಗೆ ಕೊಡು.

ಹಸಿರು ದಪ್ಪದ್ದು: ನೆಲಮಾಳಿಗೆ, ಕತ್ತಲು, ಕೊಲೆ. ಎದೆ ಗಟ್ಟಿ ಇದ್ದವರಿಗೆ ಮಾತ್ರ.

ಕೆಂಪು ಚಿಕ್ಕದು: ಒಂದು ಬೆಕ್ಕಿನ ಕಥೆ. ಮಕ್ಕಳಿಗೆ ಹೇಳಿ ಮಾಡಿಸಿದ್ದು.

ಉಳಿದ ಮೂರೂ ಪರವಾಗಿಲ್ಲ, ಯಾರಿಗಾದರೂ ಕೊಡು. ಕೊನೆ ಪುಟ ಮೊದಲು ನೋಡಲಿಲ್ಲ, ಆಣೆಗೂ.

ನಿನ್ನ ವಿಧೇಯ ತಮ್ಮ
(ನಗಬೇಡ)


ಅಕ್ಟೋಬರ್ 31

ನನ್ನ ಬಂಗಾರದ ತಮ್ಮಾ,

ಒಂದು ವಾರದಲ್ಲಿ ಆರು ಪುಸ್ತಕ! ಸೂರ್ಯ ಈವತ್ತು ಯಾವ ಕಡೆ ಹುಟ್ಟಿದ ಅಂತ ಕಿಟಕಿ ತೆಗೆದು ನೋಡಿದೆ. ಎರಡನೇ ಪುಟಕ್ಕೇ ಗೊರಕೆ ಹೊಡೆಯುತ್ತಿದ್ದ ಗೂಬೆ ನೀನೇನಾ?

ಮೇಜು ಹಾಕಿದೆ. ನೀಲಿ ಪುಸ್ತಕವನ್ನು ಬೇಕರಿಯಾಕೆಗೆ ಕೊಟ್ಟೆ. ಪಾಪ, ಗಂಡ ಹೋಗಿ ಇನ್ನೂ ವರ್ಷ ತುಂಬಿಲ್ಲ. "ಅಕ್ಕಾ, ಅತ್ತೂ ಅತ್ತೂ ಸಾಕಾಗಿದೆ. ನಗೋವಂಥದ್ದು ಏನಾದ್ರೂ ಕೊಡಿ" ಅಂದಳು. ನಿನ್ನ ಚೀಟಿ ನೆನೆಸಿಕೊಂಡು ಒಂದೇ ಏಟಿಗೆ ಎತ್ತಿಕೊಟ್ಟೆ. ಹಲ್ಲಿನ ಡಾಕ್ಟರಿಗೆ ವರ್ಷಕ್ಕೆ ನಾಲ್ಕು ಕೊಲೆಯಾದರೂ ಬೇಕು, ಅವರಿಗೆ ಹಸಿರು. ಶಿಶುವಿಹಾರದ ಟೀಚರ್ ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳುತ್ತಾಳೆ, ಅವಳಿಗೆ ಕೆಂಪು.

ಈ ವರ್ಷ ಮಂಜು ಬಹಳ. ಒಳಗೂ ನುಗ್ಗಿದ ಹಾಗೆ ಇರುತ್ತೆ. ಮೊನ್ನೆ ಹಲ್ಲಿನ ಡಾಕ್ಟರು ಬಾಗಿಲ ಹತ್ತಿರ ನಿಂತಿದ್ದಾರೆ ಅಂತ "ಬನ್ನಿ, ಬನ್ನಿ, ಯಾಕೆ ಅಲ್ಲೇ ನಿಂತ್ರಿ" ಅಂತ ಕರೆದೆ. ಯಾರೂ ಅಲ್ಲ, ಮೊಳೆಗೆ ನೇತುಹಾಕಿದ್ದ ಅವರ ಕೋಟು. ಅವರು ಆಗಲೇ ಒಳಗೆ ಕೂತು ಪೇಪರ್ ಓದುತ್ತಿದ್ದರು. ಕೋಟಿಗೆ ಮರ್ಯಾದೆ ಕೊಟ್ಟಿದ್ದು ನೋಡಿ ಇಡೀ ಕೋಣೆ ನಕ್ಕಿತು, ನಾನೂ ನಕ್ಕೆ. ಟ್ಯೂಬ್‌ಲೈಟ್ ಬದಲಾಯಿಸಬೇಕು.

ಇನ್ನೂ ನಾಲ್ಕು ಕಳಿಸಿದ್ದೇನೆ. ಒಂದು ಹಳದಿ, ಒಂದು ಕಂದು, ಎರಡು ಕಪ್ಪು. ಕಪ್ಪಿನಲ್ಲಿ ಒಂದು ದಪ್ಪ, ಒಂದು ತೆಳು. ಚೀಟಿಯನ್ನು ಇನ್ನೂ ಸ್ವಲ್ಪ ದಪ್ಪಗೆ ಬರಿ ಕಣೋ.

ನಿನ್ನ ಅಕ್ಕ


ನವೆಂಬರ್ 6

ಅಕ್ಕಾ,

ಒಂದು ಮಾತು ನೇರವಾಗಿ ಕೇಳುತ್ತೇನೆ. ನೀನು ನನಗೆ ಪರೀಕ್ಷೆ ಇಡುತ್ತಿದ್ದೀಯಾ?

ಚಿಕ್ಕವನಿದ್ದಾಗ ಅಡುಗೆಮನೆ ಬಾಗಿಲಿಗೆ ಸ್ಟೂಲ್ ಅಡ್ಡ ಇಟ್ಟು, ಕೈಲಿ ಸೌಟು ಹಿಡಿದು, "ಈ ಪುಟ ಮುಗಿಸಿದ್ರೆ ಹೊರಗೆ" ಅಂತ ಕೂರಿಸುತ್ತಿದ್ದೆಯಲ್ಲ, ಆ ವಾಸನೆ ಬರುತ್ತಿದೆ. ನನಗೂ ತಲೆ ನರೆತಿದೆ, ಸ್ವಲ್ಪ ಕನಿಕರ ಇರಲಿ. ಮತ್ತೆ ಪುಸ್ತಕಗಳಿಗೆ ಹೆಸರು ಅಂತ ಒಂದು ಇರುತ್ತಲ್ಲ? ಹಳದಿ, ಕಂದು, ಕಪ್ಪು ಅಂತೀಯ, ನೀನು ಲೈಬ್ರರಿ ನಡೆಸುತ್ತೀಯೋ ಬಟ್ಟೆ ಅಂಗಡಿಯೋ?

ಮಂಜು ಒಳಗೆ ಬರುತ್ತಿದ್ದರೆ ಕಿಟಕಿ ಸಂದಿಗೆ ಪೇಪರ್ ಅಂಟಿಸು.

ಚೀಟಿಗಳು ಪುಸ್ತಕದೊಳಗಿವೆ. ಹಳದಿ ಗಂಭೀರ, ಕಂದು ಮಧ್ಯಮ ಗಂಭೀರ, ಕಪ್ಪು ಎರಡೂ ಕತ್ತಲೆ ಕಥೆ. ಎಲ್ಲವನ್ನೂ ಅಕ್ಷರ ಬಿಡದೆ ಓದಿದ್ದೇನೆ.

ತಮ್ಮ


ನವೆಂಬರ್ 12

ತಮ್ಮಾ,

ಏನೋ ಎಡವಟ್ಟಾಗಿದೆ ಕಣೋ. ಹೇಳುತ್ತೇನೆ, ಮೊದಲು ನಕ್ಕುಬಿಡು.

ಹಲ್ಲಿನ ಡಾಕ್ಟರು ಹಸಿರು ಪುಸ್ತಕ ಎದೆಗವಚಿಕೊಂಡು ಬಂದರು. "ಏನಮ್ಮಾ, ಮುನ್ನೂರು ಪುಟ ಕಾದೆ, ಒಬ್ರೂ ಸಾಯ್ಲಿಲ್ಲ!" ನೆಲಮಾಳಿಗೆಯಲ್ಲಿ ಅಣಬೆ ಬೆಳೆಯುವ ಮೂವರು ಅಕ್ಕತಂಗಿಯರ ಕಥೆಯಂತೆ ಅದು. ಈಗ ಬೈಯುತ್ತಾರೆ, ಇನ್ನೊಂದು ಕೊಲೆ ಪುಸ್ತಕ ಕೇಳುತ್ತಾರೆ ಅಂತ ನಾನು ಮುದುಡಿಕೊಂಡೆ. ಆದರೆ ಮನುಷ್ಯ ಕೂತು ಅರ್ಧ ಗಂಟೆ ಅಣಬೆಯ ಬಗ್ಗೆಯೇ ಹೇಳಿದರು. ಆಸ್ಪತ್ರೆಯ ಕೆಳಗಿನ ಕೋಣೆಯಲ್ಲಿ ಆಗಲೇ ಹುಲ್ಲು ತುಂಬಿದ ಚೀಲ ನೇತುಹಾಕಿದ್ದಾರಂತೆ. ಹಲ್ಲು ತೋರಿಸಲು ಹೋದವರಿಗೆಲ್ಲ ಅದೇ ಪ್ರವಚನ. ಪಾಪ, ಬಾಯಿ ತೆರೆದುಕೊಂಡು ಕೂತವರು ಬೇಡ ಅನ್ನುವುದಾದರೂ ಹೇಗೆ?

ಶಿಶುವಿಹಾರದ ಟೀಚರ್ ಕಥೆ ಇನ್ನೂ ಚೆಂದ. ಮಕ್ಕಳನ್ನು ಸುತ್ತ ಕೂರಿಸಿಕೊಂಡು ಕೆಂಪು ಪುಸ್ತಕ ತೆರೆದಳಂತೆ. ಬೆಕ್ಕು ಎರಡನೇ ಪುಟದಲ್ಲೇ ಮನೆ ಬಿಟ್ಟು ಹೋಯಿತಂತೆ. ಮೂರನೇ ಪುಟದಲ್ಲಿ ಆ ಮನೆಯ ಯಜಮಾನನೂ ಹೋದನಂತೆ, ಪಕ್ಕದ ಮನೆಯವಳ ಜೊತೆ! ಅವಳು ಬೆವರೊರೆಸಿಕೊಂಡು, ಪುಸ್ತಕ ಹಿಡಿದುಕೊಂಡೇ, ಬೆಕ್ಕು ಎಲ್ಲಿಗೆ ಹೋಯಿತು ಅಂತ ಬಾಯಿಗೆ ಬಂದಿದ್ದು ಹೇಳಿದಳು. ಈಗ ಮಕ್ಕಳು ದಿನಾ ಪಟ್ಟು ಹಿಡಿಯುತ್ತಿದ್ದಾರೆ. "ಬೆಕ್ಕನ್ನ ಹಡಗು ಹತ್ತಿಸಿ ಆಯ್ತು ಅಕ್ಕಾ, ಇನ್ನೆಲ್ಲಿಗೆ ಕಳಿಸ್ಲಿ?" ಅಂತ ನನ್ನನ್ನೇ ಕೇಳುತ್ತಾಳೆ.

ನಾನು ಲೆಕ್ಕ ಹಾಕಿದೆ. ನಿನ್ನ ಚೀಟಿಗಳನ್ನು ಪುಸ್ತಕದಿಂದ ತೆಗೆದು ಒಂದು ಸಲ ಓದಿಕೊಂಡು ವಾಪಸ್ ಇಟ್ಟೆನಲ್ಲ, ಆಗ ಒಂದರದ್ದು ಇನ್ನೊಂದಕ್ಕೆ ಸೇರಿಸಿರಬೇಕು. ಹಾಗೇ ಆಗಿರಬೇಕು, ಅಲ್ಲವಾ? ಇಷ್ಟು ವರ್ಷದಲ್ಲಿ ಇಂಥ ತಪ್ಪು ಮಾಡಿರಲಿಲ್ಲ.

ಬೇಕರಿಯಾಕೆ ಎರಡು ವಾರದಿಂದ ಈ ಕಡೆ ಬಂದಿಲ್ಲ. ಕೆಲಸ ಜಾಸ್ತಿ ಇರಬೇಕು.

ಅಕ್ಕ


ನವೆಂಬರ್ 15

ಅಕ್ಕಾ,

ಹೌದು, ಚೀಟಿ ಅದಲುಬದಲಾಗಿರಬೇಕು. ಆಗುತ್ತೆ ಬಿಡು, ಎಲ್ಲರಿಗೂ ಆಗುತ್ತೆ. ನಡೆಯುವವನು ಎಡವದೆ ಕೂತವನು ಎಡವುತ್ತಾನಾ? ತಲೆ ಕೆಡಿಸಿಕೊಳ್ಳಬೇಡ.

ಇಲ್ಲಿ ಎರಡನೇ ಪಂಪು ಸದ್ದು ಮಾಡುತ್ತಿದೆ, ಅದಕ್ಕೇ ಚುಟುಕಾಗಿ ಬರೆಯುತ್ತಿದ್ದೇನೆ. ಗೊಣಗಪ್ಪನ ಕೈಲಿ ಎರಡು ಜೊತೆ ಉಣ್ಣೆಯ ಕಾಲುಚೀಲ ಕಳಿಸಿದ್ದೇನೆ. ಯಾಕೆ ಏನು ಅಂತ ಕೇಳಬೇಡ. ಹಾಕಿಕೋ.

ತಮ್ಮ


ನವೆಂಬರ್ 20

ತಮ್ಮಾ,

ಕಾಲುಚೀಲ ಬೆಚ್ಚಗಿವೆ. ಈ ಕಾಗದವನ್ನು ಕೂತುಕೊಂಡು ಓದು.

ನೀಲಿ ಪುಸ್ತಕ ವಾಪಸ್ ಬಂತು. ಬೇಕರಿಯಾಕೆ ತಾನು ಬರಲಿಲ್ಲ, ಬ್ರೆಡ್ ಹಂಚುವವನ ಕೈಲಿ ಕಳಿಸಿದ್ದಳು. ನನಗೆ ತಡೆಯಲಾಗಲಿಲ್ಲ. ಮಧ್ಯಾಹ್ನ ಲೈಬ್ರರಿಗೆ ಬೀಗ ಹಾಕಿ ಬೇಕರಿಗೇ ಹೋದೆ. ಅವಳು ಹಿಟ್ಟು ನಾದುತ್ತಿದ್ದಳು, ತಲೆ ಎತ್ತಲಿಲ್ಲ. "ಆ ಪುಸ್ತಕದಲ್ಲಿ ಅಪ್ಪ ನೀರಲ್ಲಿ ಮುಳುಗಿ ಹೋಗ್ತಾನೆ ಅಕ್ಕಾ. ಮೂರನೇ ಅಧ್ಯಾಯದಲ್ಲೇ. ನಿಮಗೆ ಗೊತ್ತಿತ್ತಲ್ವಾ? ನೀವು ಓದದೆ ಯಾರಿಗೂ ಕೊಡಲ್ಲ ಅಲ್ವಾ?" ಅಂದಳು. ಸಿಟ್ಟಿನಿಂದ ಕೇಳಿದ್ದರೆ ಎಷ್ಟೋ ಚೆನ್ನಾಗಿತ್ತು. ಸಿಟ್ಟೇ ಇರಲಿಲ್ಲ. ನಾನು ಒಂದು ಬ್ರೆಡ್ ಕೊಂಡು ಬಂದುಬಿಟ್ಟೆ.

ನಿನ್ನಿಂದ ಒಂದು ವಿಷಯ ಮುಚ್ಚಿಟ್ಟಿದ್ದೆ. ಬೇಸಿಗೆಯಿಂದ ನನ್ನ ಎರಡು ಕಣ್ಣಿಗೂ ಪೊರೆ ಬೆಳೆದಿದೆ. ಮಂಜು ಬೀದಿಯಲ್ಲಿಲ್ಲ ಕಣೋ, ನನ್ನ ಕಣ್ಣಲ್ಲಿದೆ. ಪುಸ್ತಕದ ಅಕ್ಷರ ಕಾಣುವುದಿಲ್ಲ, ಬಣ್ಣ ಕಾಣುತ್ತೆ. ನಿನ್ನ ಚೀಟಿ ಓದಲು ಮಧ್ಯಾಹ್ನದ ಬಿಸಿಲಿಗೆ ಕಿಟಕಿ ಹತ್ತಿರ ಕೂತು ಭೂತಗನ್ನಡಿ ಹಿಡಿಯಬೇಕು. ಕಣ್ಣು ಕಾಣದ ಲೈಬ್ರರಿಯವಳು ಅಂತ ಊರು ಆಡಿಕೊಳ್ಳುವುದು ಬೇಡ ಅಂತ ಯಾರಿಗೂ ಹೇಳಲಿಲ್ಲ. ಈ ತಿಂಗಳು 28ಕ್ಕೆ ಬಲಗಣ್ಣಿನ ಆಪರೇಷನ್ ಅಂತ ಡಾಕ್ಟರ್ ದಿನ ಕೊಟ್ಟಿದ್ದಾರೆ. ಅಲ್ಲಿಯವರೆಗೆ ನೀನು ನನಗೆ ಕಣ್ಣಾದರೆ ಸಾಕು ಅಂದುಕೊಂಡಿದ್ದೆ.

ಈಗ ಬೇಡ ಅನಿಸುತ್ತಿದೆ. ಕಣ್ಣಿನದ್ದಾದರೆ ಡಾಕ್ಟರ್ ಸರಿ ಮಾಡುತ್ತಾರೆ. ಯಾವ ಚೀಟಿ ಯಾವ ಪುಸ್ತಕದ್ದು ಅನ್ನುವುದೇ ತಲೆಯಲ್ಲಿ ನಿಲ್ಲದಿದ್ದರೆ ಅದಕ್ಕೆ ಯಾರು ಆಪರೇಷನ್ ಮಾಡುತ್ತಾರೆ? ಅಜ್ಜಿಗೂ ಹೀಗೇ ಶುರುವಾಗಿದ್ದು, ನೆನಪಿದೆಯಾ? ಮೊದಲು ಬೀಗದ ಕೈ, ಆಮೇಲೆ ಒಲೆ, ಆಮೇಲೆ ನಮ್ಮ ಮುಖ. ನನಗೆ ಹೆದರಿಕೆ ಆಗುತ್ತಿದೆ. ಆಪರೇಷನ್ ಬೇಡ ಅಂತ ಹೇಳಿಬಿಡುತ್ತೇನೆ. ಈ ತಿಂಗಳ ಕೊನೆಗೆ ಲೈಬ್ರರಿಯ ಬೀಗದ ಕೈಯನ್ನೂ ಒಪ್ಪಿಸಿಬಿಡುತ್ತೇನೆ.

ನಿನ್ನ ಚೀಟಿಗಳು ಎಷ್ಟು ಚೆನ್ನಾಗಿದ್ದವು. ಹಾಳು ಮಾಡಿದವಳು ನಾನು.

ಅಕ್ಕ


ನವೆಂಬರ್ 21

ಅಕ್ಕಾ,

ವ್ಯಾನಿಗೆ ಕಾಯುವಷ್ಟು ತಾಳ್ಮೆ ಇಲ್ಲ. ನಾಲೆಯ ಕಾವಲುಗಾರನ ಸೈಕಲ್ಲಿನಲ್ಲಿ ಇದನ್ನು ಕಳಿಸುತ್ತಿದ್ದೇನೆ. ಆಫೀಸಿನ ಫೋನ್ ಎರಡು ಸಲ ಕೈಗೆತ್ತಿಕೊಂಡೆ, ಎರಡು ಸಲವೂ ಇಟ್ಟೆ. ಬಾಯಲ್ಲಿ ಹೇಳುವ ಧೈರ್ಯ ಇಲ್ಲ. ನೋಡು, ಎಷ್ಟು ದಪ್ಪಗೆ ಬರೆಯುತ್ತಿದ್ದೇನೆ, ಬಣ್ಣ ಹೊಡೆಯುವ ಬ್ರಷ್ಷಿನಲ್ಲಿ.

ನಿನ್ನ ತಲೆ ನೆಟ್ಟಗಿದೆ. ಒಂದು ಚೀಟಿಯೂ ಅದಲುಬದಲಾಗಿಲ್ಲ. ಎಲ್ಲವನ್ನೂ ನೀನು ಸರಿಯಾದ ಪುಸ್ತಕಕ್ಕೇ ಇಟ್ಟಿದ್ದೀಯ. ಚೀಟಿಗಳೇ ಸುಳ್ಳು. ನಾನು ಒಂದು ಪುಸ್ತಕವನ್ನೂ ಓದಲಿಲ್ಲ.

ನೀನು ಮತ್ತೆ ಸೌಟು ಹಿಡಿದು ಕೂತಿದ್ದೀಯ ಅಂದುಕೊಂಡೆ. ನನಗೇನು ಗೊತ್ತು? ಹೊದಿಕೆಯ ಚಿತ್ರ ನೋಡಿದೆ, ಮೊದಲ ಪುಟ ನೋಡಿದೆ, ಕೊನೆ ಪುಟ ನೋಡಿದೆ, ಮಧ್ಯ ನನಗೆ ತೋಚಿದ್ದು ತುಂಬಿಸಿದೆ. ಹಸಿರು ಪುಸ್ತಕದ ಮೇಲೆ ಕತ್ತಲೆ ಮೆಟ್ಟಿಲಿತ್ತು, ಕೊಲೆ ಅಂದೆ. ಕೆಂಪಿನ ಮೇಲೆ ಬೆಕ್ಕಿತ್ತು, ಮಕ್ಕಳಿಗೆ ಅಂದೆ. ನೀಲಿಯದರ ಕೊನೆ ಪುಟದಲ್ಲಿ ಎಲ್ಲರೂ ನಗುತ್ತಿದ್ದರು. ಆಮೇಲೆ ಕಾವಲುಗಾರನ ಜೊತೆ ಇಸ್ಪೀಟು ಆಡಲು ಹೋದೆ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. 'ನಾನೇ ಚೀಟಿ ಅದಲುಬದಲು ಮಾಡಿರಬೇಕು' ಅಂತ ನೀನು ಬರೆದಾಗ ನನ್ನ ಜೀವಕ್ಕೆ ಹಾಯೆನಿಸಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಹೌದು ಹೌದು ಅಂದುಬಿಟ್ಟೆ. ಕಾಲುಚೀಲ ಯಾಕೆ ಅಂತ ಈಗ ಗೊತ್ತಾಯಿತಲ್ಲ. ಅದು ಸುಳ್ಳಿಗೆ ಸುತ್ತಿದ ಉಣ್ಣೆ. ನೀನು ಅಜ್ಜಿಯನ್ನು ನೆನೆದು ಹೆದರುತ್ತಾ ಕೂತಿದ್ದಾಗ ನಾನು ಇಲ್ಲಿ ರಾಜ, ರಾಣಿ ಎಣಿಸುತ್ತಿದ್ದೆ.

ಬೈಯಿ, ಮಾತು ಬಿಡು, ಏನು ಬೇಕಾದರೂ ಮಾಡು. ಆದರೆ 28ನೇ ತಾರೀಖು ತಪ್ಪಿಸಬೇಡ. ಬೀಗದ ಕೈ ಯಾರಿಗೂ ಕೊಡಬೇಡ. ನೀಲಿ ಪುಸ್ತಕ ನನಗೆ ವಾಪಸ್ ಕಳಿಸು, ಈಗಲಾದರೂ ಓದಬೇಕು.

ತಮ್ಮ


ಡಿಸೆಂಬರ್ 1

ಅಕ್ಕಾ,

ನೀಲಿ ಪುಸ್ತಕ ಬಂತು. ಒಳಗೆ ಒಂದು ಸಾಲೂ ಇರಲಿಲ್ಲ. "ಏನಾದ್ರೂ ಹೇಳಿದ್ರಾ?" ಅಂತ ಗೊಣಗಪ್ಪನನ್ನು ಕೇಳಿದೆ. "ಕೊಟ್ರು, ಬಾಗಿಲು ಹಾಕಿಕೊಂಡ್ರು. ನಿಮ್ಮಿಬ್ಬರ ಪುಸ್ತಕ ಹೊತ್ತು ಹೊತ್ತು ನನ್ನ ಸೊಂಟ ಹೋಯ್ತು, ಅದನ್ನ ಯಾರೂ ಕೇಳಲ್ಲ" ಅಂದ. ಆಮೇಲೆ ಬಂದ ವ್ಯಾನಿನಲ್ಲೂ ಏನಿಲ್ಲ. 28 ಕಳೆದುಹೋಯಿತು. ನೀನು ಹೋದೆಯೋ ಬಿಟ್ಟೆಯೋ ಗೊತ್ತಿಲ್ಲ. ಮುಳ್ಳು ನೋಡುವುದು ನನ್ನ ಕೆಲಸ, ಆದರೆ ಈ ವಾರ ಯಾವ ಮುಳ್ಳು ಎಲ್ಲಿದೆ ಅಂತಲೂ ನೆನಪಿಲ್ಲ.

ಬೇರೆ ಏನೂ ತೋಚದೆ ಪುಸ್ತಕ ಓದಿದೆ. ನಿಜವಾಗಿ ಓದಿದೆ ಅಕ್ಕಾ, ಒಂದನೇ ಪುಟದಿಂದ. ಎರಡನೇ ಪುಟಕ್ಕೆ ನಿದ್ದೆ ಬಂತು, ಮುಖ ತೊಳೆದುಕೊಂಡು ಬಂದೆ. ಮೂರನೇ ಅಧ್ಯಾಯದಲ್ಲಿ ಆ ಅಪ್ಪ ಮುಳುಗಿದಾಗ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ಕೆರೆ ನೋಡುತ್ತಾ ನಿಂತೆ. ಬೇಕರಿಯಾಕೆಯ ಕೈಗೆ ನಾನು ಕೊಡಿಸಿದ್ದು ಇದನ್ನು ಅಂತ ನನಗೇ ನನ್ನ ಮೇಲೆ ಅಸಹ್ಯವಾಯಿತು.

ಆಮೇಲೆ ಮತ್ತೆ ಬಂದು ಕೂತೆ. ಅಪ್ಪ ಹೋದ ಮೇಲೆ ಆ ಮನೆಯವರು ವರ್ಷಗಟ್ಟಲೆ ನೀರಿನ ಹತ್ತಿರ ಹೋಗುವುದಿಲ್ಲ. ದೋಣಿ ಅಂಗಳದಲ್ಲಿ ಬೋರಲಾಗಿ ಬಿದ್ದಿರುತ್ತೆ, ಅದರ ಕೆಳಗೆ ಕೋಳಿ ಮೊಟ್ಟೆ ಇಡುತ್ತೆ. ಹುಡುಗಿ ದೊಡ್ಡವಳಾಗುತ್ತಾಳೆ. ಒಂದು ದಿನ ಅಮ್ಮನೇ ಆ ದೋಣಿಯನ್ನು ಮಗುಚಿ ನಿಲ್ಲಿಸುತ್ತಾಳೆ. ಕೊನೆಗೆ ಎಲ್ಲರೂ ಮರಳಿನ ಮೇಲೆ ಕೂತು ನಗುತ್ತಾರೆ. ಅದೇ ಪುಟ ಅಕ್ಕಾ, ನಾನು ಅಕ್ಟೋಬರಿನಲ್ಲಿ ನೋಡಿದ್ದ ಅದೇ ಪುಟ. ಆಗ ಅದು ಬರೀ ತಮಾಷೆ ಅಂದುಕೊಂಡಿದ್ದೆ. ಈ ಸಲ ಓದುವಾಗ ಎಷ್ಟು ಅತ್ತೆ ಅಂದರೆ ಕಾವಲುಗಾರ ಓಡಿ ಬಂದು, ಊರಿಂದ ಕೆಟ್ಟ ಸುದ್ದಿ ಬಂತಾ ಅಂತ ಕೇಳಿದ.

ನನಗೆ ಈ ಚಾಳಿ ಹೇಗೆ ಬಂತು ಅಂತ ನಿನಗೊಬ್ಬಳಿಗೇ ಗೊತ್ತು. ಅಮ್ಮ ಹೋದ ವರ್ಷ ನೀನು ರಾತ್ರಿ ಓದಿ ಹೇಳುತ್ತಿದ್ದೆ. ಕಥೆ ಶುರು ಮಾಡುವ ಮೊದಲೇ ನಾನು, "ಕೊನೆಗೆ ಎಲ್ಲರೂ ಉಳೀತಾರಾ ಹೇಳು, ಆಮೇಲೆ ಓದು" ಅಂತ ಹಟ ಮಾಡುತ್ತಿದ್ದೆ. ನೀನು ಕೊನೆ ಪುಟ ತೆಗೆದು ನೋಡಿ, "ಉಳೀತಾರೆ ಕಣೋ" ಅನ್ನುತ್ತಿದ್ದೆ. ಆಮೇಲೇ ನನಗೆ ಕಿವಿ ತೆರೆದುಕೊಳ್ಳುತ್ತಿತ್ತು.

ಈ ಕಾಗದದ ಜೊತೆ ಒಂದು ಚೀಟಿ ಇದೆ. ಬೇಕರಿಯಾಕೆಗೆ ಕೊಡು. ಸುಳ್ಳು ಚೀಟಿ ಬರೆದ ಗೂಬೆ ನಾನೇ ಅಂತ ಒಪ್ಪಿಕೊಂಡಿದ್ದೇನೆ, ಪುಸ್ತಕದಲ್ಲಿ ನಿಜವಾಗಿ ಏನಿದೆ ಅಂತಲೂ ಬರೆದಿದ್ದೇನೆ.

ನೀನು ಮಾತ್ರ ಒಂದೇ ಒಂದು ಸಾಲು ಬರಿ. ಬೈಗುಳವಾದರೂ ಸರಿ.

ತಮ್ಮ


ಡಿಸೆಂಬರ್ 8

ಗೂಬೆ,

ಬೈಗುಳ ಕೇಳಿದ್ದೆಯಲ್ಲ, ತಗೋ. ಮೊದಲು ಅಕ್ಷರ ನೋಡು. ಇರುವೆ ಸಾಲು ವಾಪಸ್ ಬಂದಿದೆ!

28ಕ್ಕೆ ಹೋದೆ. ಬಲಗಣ್ಣು ಆಯಿತು. ಒಂದು ವಾರ ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ, ಬಗ್ಗುವ ಹಾಗಿಲ್ಲ ಅಂತ ಡಾಕ್ಟರ್ ಕಟ್ಟಪ್ಪಣೆ. ಅದಕ್ಕೇ ಕಾಗದ ಇರಲಿಲ್ಲ. ಹೋಗುವ ಮೊದಲು ಒಂದು ಸಾಲು ಬರೆಯಬಹುದಿತ್ತು, ಬೇಕೆಂದೇ ಬರೆಯಲಿಲ್ಲ. ನೀನು ಸ್ವಲ್ಪ ಬೇಯಲಿ ಅಂತ.

ನಿನ್ನ ಬ್ರಷ್ಷಿನ ಕಾಗದ ಬಂದ ದಿನ ಏನಾಯಿತು ಗೊತ್ತಾ? ಕಿಟಕಿ ಹತ್ತಿರ ಕೂತು ಭೂತಗನ್ನಡಿ ಹಿಡಿದು ಓದಿದೆ. 'ನಿನ್ನ ತಲೆ ನೆಟ್ಟಗಿದೆ' ಅನ್ನುವಲ್ಲಿಗೆ ಬಂದಾಗ ನಗು ಬಂತು. ತಡೆಯಲು ಆಗಲಿಲ್ಲ. ಹಲ್ಲಿನ ಡಾಕ್ಟರು ಪೇಪರ್ ಕೆಳಗಿಟ್ಟು "ಶ್!" ಅಂದರು. ಲೈಬ್ರರಿಯಲ್ಲಿ ನನ್ನನ್ನು ಯಾರಾದರೂ ಸುಮ್ಮನಿರಿಸಿದ್ದು ಅದೇ ಮೊದಲು! ಸಿಟ್ಟು ಬರಬೇಕಿತ್ತು, ಬಂತು ಕೂಡ, ಆದರೆ ಮಾರನೇ ದಿನ. ಆ ದಿನ ಮಾತ್ರ ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು. ಹೋಗಿರುವುದು ಕಣ್ಣು ಮಾತ್ರ, ನಾನು ಹೋಗಿಲ್ಲ! ನನ್ನ ತಮ್ಮ ಸೋಮಾರಿ, ಸುಳ್ಳುಗಾರ, ಇಸ್ಪೀಟುಕೋರ. ಅಷ್ಟೇ ತಾನೇ, ಅದೇನು ಹೊಸದಲ್ಲವಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದವಳು ನಾನು. ಒಂದು ವಾರಕ್ಕೆ ಆರು ಪುಸ್ತಕ ಅಂದಾಗಲೇ ಅನುಮಾನ ಬರಬೇಕಿತ್ತು.

ಈಗ ಬಲಗಣ್ಣಿನಲ್ಲಿ ಎಲ್ಲ ಕಾಣುತ್ತೆ. ಕಪಾಟಿನ ಮೇಲೆ ಎಷ್ಟು ಧೂಳು! ಮನೆಗೆ ಬಂದಾಗ ಹಜಾರದಲ್ಲಿ ಯಾರೋ ಮುದುಕಿ ಎದುರಿಗೆ ಬಂದಳು. ಜಾಗ ಬಿಟ್ಟು ಪಕ್ಕಕ್ಕೆ ಸರಿದೆ, ಅವಳೂ ಸರಿದಳು. ನಮ್ಮ ಕನ್ನಡಿ ಕಣೋ. ಮೊದಲು ಕೋಟು, ಈಗ ಇದು.

ನಿನ್ನ ಚೀಟಿಯನ್ನು ಬೇಕರಿಯಾಕೆಗೆ ಕೊಟ್ಟೆ. ನನ್ನ ಕಣ್ಣಿನ ವಿಷಯವನ್ನೂ ಹೇಳಿದೆ. ಅವಳು ಹಿಟ್ಟಿನ ಕೈಯಲ್ಲೇ ಹಿಡಿದು ಎರಡು ಸಲ ಓದಿದಳು. "ನಾನು ಅಲ್ಲಿಗೇ ನಿಲ್ಲಿಸಿಬಿಟ್ಟೆ ಅಕ್ಕಾ. ಆ ಹುಡುಗಿ ದೊಡ್ಡವಳಾಗ್ತಾಳಾ?" ಅಂದಳು. ಆಗುತ್ತಾಳಂತೆ ಅಂದೆ. "ದೋಣಿ ಕೆಳಗೆ ಕೋಳಿ ಮೊಟ್ಟೆ ಇಡುತ್ತಂತಲ್ಲ" ಅಂತ ಸ್ವಲ್ಪ ನಕ್ಕಳು. ನೀಲಿ ಪುಸ್ತಕ ಮತ್ತೆ ಬೇಕಂತೆ. ಅದು ನಿನ್ನ ಹತ್ತಿರ ಇದೆ, ಬೇಗ ಕಳಿಸು.

ಈಗ ನನ್ನ ಸರದಿ. ಕೊನೆ ಪುಟ ನೋಡಿ 'ಉಳೀತಾರೆ ಕಣೋ' ಅನ್ನುತ್ತಿದ್ದೆ ಅಂದೆಯಲ್ಲ, ಎಷ್ಟೋ ಕಥೆಯಲ್ಲಿ ಉಳಿಯುತ್ತಿರಲಿಲ್ಲ. ಆ ವರ್ಷ ನಿನಗೆ ಓದಿ ಹೇಳಿದ ಅರ್ಧಕ್ಕರ್ಧ ಕಥೆಗಳ ಕೊನೆಯನ್ನು ನಾನೇ ಬದಲಾಯಿಸಿದ್ದೆ. ಸತ್ತವರನ್ನೆಲ್ಲ ಎಬ್ಬಿಸಿ ಕೂರಿಸಿ ಊಟಕ್ಕೆ ಹಾಕುತ್ತಿದ್ದೆ. ಪುಸ್ತಕದಲ್ಲಿ ಇಲ್ಲದ್ದನ್ನು ಹೇಳುವ ವಿದ್ಯೆ ನಿನಗೆ ಎಲ್ಲಿಂದ ಬಂತು ಅಂತ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಹಾಗಾಗಿ ಲೆಕ್ಕ ಚುಕ್ತಾ.

15ಕ್ಕೆ ಎಡಗಣ್ಣು. ಹೋದ ಸಲ ಏನೂ ಕಾಣುತ್ತಿರಲಿಲ್ಲ, ಅದಕ್ಕೇ ಹೆದರಿಕೆ ಇರಲಿಲ್ಲ. ಈ ಸಲ ಎಲ್ಲ ಕಾಣುತ್ತೆ, ಡಾಕ್ಟರ ಕೈಲಿರುವ ಸಾಮಾನು ಕೂಡ. ಒಂದು ಕಣ್ಣು ಸರಿಹೋದದ್ದು ಅದೃಷ್ಟ, ಇನ್ನೊಂದಕ್ಕೆ ಆಸೆಪಟ್ಟು ಇರುವುದೂ ಹೋದರೆ ಅಂತ ನಡುಕ. ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ. ಕೊನೆ ಪುಟದಲ್ಲಿ ಏನಿದೆ ಅಂತ ಒಂದು ಚೀಟಿ ಬರೆದು ಕಳಿಸು. ನಿನಗೆ ಸುಳ್ಳು ಬರೆಯಲು ಚೆನ್ನಾಗಿ ಬರುತ್ತಲ್ಲ, ನನಗೂ ಒಂದು ಒಳ್ಳೇ ಸುಳ್ಳು ಬರಿ. ಅದನ್ನು ಕೈಲಿ ಹಿಡಿದುಕೊಂಡು ಹೋಗುತ್ತೇನೆ.

ಒಂದೂವರೆ ಕಣ್ಣಿನ ಅಕ್ಕ


ಡಿಸೆಂಬರ್ 14, ಸಂಜೆ

ಅಕ್ಕಾ,

ಪುಸ್ತಕ ಹಿಂದಿರುಗಿಸುವ ಡಬ್ಬಕ್ಕೆ ಏನೋ ಧಡ್ ಅಂತ ಬಿದ್ದ ಸದ್ದು ಕೇಳಿತಲ್ಲ, ಅದು ನೀಲಿ ಪುಸ್ತಕ. ಒಳಗೆ ಈ ಕಾಗದ.

ನಿನ್ನ ಇರುವೆ ಸಾಲು ಓದಲು ನನ್ನಿಂದ ಆಗಲಿಲ್ಲ. ಕೈ ಚಾಚಿ ಹಿಡಿದೆ, ದೀಪದ ಕೆಳಗೆ ಹಿಡಿದೆ, ಕೊನೆಗೆ ಗೊಣಗಪ್ಪನ ಕನ್ನಡಕ ಇಸಿದುಕೊಂಡೆ. "ಇನ್ನು ಕಣ್ಣೂ ಕೊಡ್ಬೇಕಾ ನಿಮಗೆ" ಅಂತ ಗೊಣಗಿದ. ನಾಳೆ ಡಾಕ್ಟರ್ ಹತ್ತಿರ ನನ್ನದನ್ನೂ ಒಂದು ಸಲ ತೋರಿಸಿದರಾಯಿತು.

ಸತ್ತವರನ್ನೆಲ್ಲ ಎಬ್ಬಿಸಿ ಊಟಕ್ಕೆ ಹಾಕುತ್ತಿದ್ದೆ ಅಂದೆಯಲ್ಲ. ಆ ವರ್ಷ ನಿನಗಾದರೂ ಎಷ್ಟು ವಯಸ್ಸು? ನಿನಗೆ ಯಾರು ಕಥೆಯ ಕೊನೆ ಬದಲಾಯಿಸಿ ಹೇಳಿದರು? ಇಷ್ಟು ವರ್ಷ ಒಂದು ಸಲವೂ ಕೇಳಲಿಲ್ಲ ನೋಡು ನಾನು.

ನೀನು ಕೇಳಿದ ಸುಳ್ಳು ಚೀಟಿ ಬರೆಯಲು ಕೂತೆ. ಮೂರು ಹಾಳೆ ಹರಿದೆ. ಬರುತ್ತಿಲ್ಲ ಅಕ್ಕಾ, ಕೈ ತಪ್ಪಿಹೋಗಿದೆ. ನಾಳೆಯ ಕೊನೆ ಪುಟ ನಾನು ನೋಡಿಲ್ಲ, ನೋಡಿದ ಹಾಗೆ ಬರೆಯುವುದಿಲ್ಲ. ಈ ಒಂದನ್ನು ನಡುವಿನಿಂದಲೇ ನಿನ್ನ ಪಕ್ಕ ಕೂತು ಓದುತ್ತೇನೆ. ಹತ್ತು ದಿನ ರಜ ಹಾಕಿದ್ದೇನೆ. ಮುಳ್ಳು ನೋಡಲು ಕಾವಲುಗಾರ ಇದ್ದಾನೆ.

ಇದನ್ನು ನಿನ್ನ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಬರೆಯುತ್ತಿದ್ದೇನೆ. ಬಾಗಿಲಿನ ಬೋರ್ಡನ್ನು 'ಮುಚ್ಚಿದೆ' ಅಂತ ತಿರುಗಿಸಿದ್ದೀಯ, ದೀಪ ಮಾತ್ರ ಉರಿಯುತ್ತಿದೆ. ಕಿಟಕಿಯಲ್ಲಿ ಕಂಬಳಿ ಮೇಜು ಕಾಣುತ್ತಿದೆ, ಅದರ ಹಿಂದೆ ನೀನೂ ಕಾಣುತ್ತಿದ್ದೀಯ. ಸದ್ದು ಕೇಳಿ ಡಬ್ಬದ ಕಡೆ ಬಂದೇ ಬರುತ್ತೀಯ. ಬಾಗಿಲ ಹತ್ತಿರ ನಿಂತಿರುವುದು ಕೋಟಲ್ಲ, ನಾನೇ. ಬೇಗ ಬಾಗಿಲು ತೆಗಿ, ಚಳಿ.